ಸೋಲೋಗೆ ಬೇಕಿರುವುದು ಇನ್ನಷ್ಟು ಗೇನ್ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕಾಲೇಜು ಬ್ಯಾಂಡುಗಳ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಕನ್ನಡ ಪತ್ರಿಕೆಯೊಂದು ಮೆಟಲ್ ಸಂಗೀತಕ್ಕೆ ಅರ್ಧ ಪುಟ ಕೊಡುವುದು ದಿನಾ ಕಾಣುವ ಸಂಗತಿಯಲ್ಲ. ಆದರೆ ಅದರಲ್ಲಿದ್ದ ಒಂದು ಮಾತು ಕಲಿಯುವ ಹುಡುಗರ ದಾರಿ ತಪ್ಪಿಸುತ್ತದೆ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಹಾಡಿನ ಹಿಂದೆ ರಿದಮ್ ನುಡಿಸುವಾಗ ಇರುವ ಡಿಸ್ಟಾರ್ಷನ್ (ಗಿಟಾರಿನ ಸದ್ದನ್ನು ಬೇಕೆಂದೇ ಒರಟಾಗಿಸುವುದು) ಅನ್ನೇ ಇನ್ನೂ ಏರಿಸಿದರೆ ಸೋಲೋ ಸೌಂಡ್, ಅಂದರೆ ಒಬ್ಬರೇ ಮುಂದೆ ಬಂದು ನುಡಿಸುವ ಭಾಗದ ಸೌಂಡ್, ಸಿಗುತ್ತದೆ ಎಂದು ಅಲ್ಲಿತ್ತು. ಬರೆದವರನ್ನು ದೂರುತ್ತಿಲ್ಲ. ಬೆಂಗಳೂರಿನ ಯಾವ ಜಾಮ್ ರೂಮಿಗೆ ಹೋದರೂ ಇದೇ ಮಾತು ಕಿವಿಗೆ ಬೀಳುತ್ತದೆ. ನಾನು ಗಿಟಾರ್ ಕಲಿಸಿಯೇ ಹೊಟ್ಟೆ ಹೊರೆಯುವವನು. ಹಾಡಿನಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳಾದ ರಿಫ್‌ಗಳನ್ನು ಚೆನ್ನಾಗಿ ನುಡಿಸಲು ಕಲಿತ ಹುಡುಗ ಹುಡುಗಿಯರು ಮುಂದೆ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸರ್, ಲೀಡ್‌ಗೆ ಯಾವ ಪೆಡಲ್ ತಗೊಳ್ಳಲಿ?" ಲೀಡ್ ಅಂದರೆ ಸೋಲೋನೇ, ಪೆಡಲ್ ಅಂದರೆ ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ.

ಏನೂ ತಗೋಬೇಡಿ ಅನ್ನುವುದು ನನ್ನ ಉತ್ತರ. ನಿಮ್ಮ ಕೈಲಿ ಈಗಾಗಲೇ ಇರುವ ಹೆವಿ ರಿದಮ್ ಸೌಂಡಿನ ಒಳಗಿಂದಲೇ ಲೀಡ್ ಸೌಂಡನ್ನು ತೆಗೆಯಬಹುದು. ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನುವುದು) ಸ್ವಲ್ಪ ಇಳಿಸಿ, ತಗ್ಗಿನ ಸದ್ದಾದ ಬೇಸ್ ಸ್ವಲ್ಪ ಕತ್ತರಿಸಿ, ನಡುವಿನ ಸದ್ದಾದ ಮಿಡ್ ಏರಿಸಿ, ಎಲ್ಲ ಆದಮೇಲೆ ವಾಲ್ಯೂಮ್ ಒಂಚೂರು ಎತ್ತಿ. ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಅದೂ ಗೇನ್ ಇಳಿಸಿ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹಾಗಾಗಿ ಯಾಕೆ ಅಂತ ವಿವರವಾಗಿ ಹೇಳಲು ಸ್ವಲ್ಪ ಜಾಗ ಕೊಡಿ.

ಹೆವಿ ರಿದಮ್ ಸೌಂಡ್ ಹೇಗೆ ಕಟ್ಟಿರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 82 ಸಲ ಕಂಪಿಸಿ, ನುಡಿಯುತ್ತದೆ. ಮೆಟಲ್ ರಿಫ್‌ಗಳ ಹೆಚ್ಚಿನ ಕೆಲಸ ನಡೆಯುವುದು ಈ ತಂತಿ ಮತ್ತು ಅದರ ಪಕ್ಕದ ಎ ತಂತಿಯ ಮೇಲೆ. ಬಲ ಅಂಗೈಯ ಅಂಚನ್ನು ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಒತ್ತಿ ಹೊಡೆದಾಗ ಎದೆಗೆ ಗುದ್ದುವ ಹಾಗೆ ಬರುವ ಆ ಚಗ್ ಸದ್ದಿನ ಶಕ್ತಿಯೆಲ್ಲ ತಗ್ಗಿನಲ್ಲೇ ಇರುತ್ತದೆ. ಎರಡು ಸ್ವರದ ಪವರ್ ಕಾರ್ಡ್ ನುಡಿಸಿದರೆ ಇನ್ನೊಂದು ಸಂಗತಿ ಆಗುತ್ತದೆ. 82ರ ಇ ಮತ್ತು 123ರ ಬಿ ಎರಡೂ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೋದಾಗ ಅವುಗಳ ವ್ಯತ್ಯಾಸವಾದ 41 ಹರ್ಟ್ಸ್ ಕೂಡ ಹುಟ್ಟಿಕೊಳ್ಳುತ್ತದೆ. ಅದು ಅದೇ ಇ, ಒಂದು ಸ್ಥಾಯಿ ಕೆಳಗೆ. ಬರೀ ಎರಡು ಸ್ವರಕ್ಕೆ ಅಷ್ಟು ದೊಡ್ಡ ಗೋಡೆಯಂಥ ಸದ್ದು ಬರುವುದಕ್ಕೆ ಇದೂ ಒಂದು ಕಾರಣ. ಇಷ್ಟೆಲ್ಲ ತಗ್ಗಿನಲ್ಲಿ ನಡೆಯುವಾಗ ಹುಡುಗರು ಆಂಪ್‌ನಲ್ಲಿ (ಆಂಪ್ಲಿಫೈಯರ್‌ನಲ್ಲಿ) ಏನು ಮಾಡುತ್ತಾರೆ? ಬೇಸ್ 8, ಮೇಲಿನ ಟ್ರೆಬಲ್ 8, ನಡುವಿನ ಮಿಡ್ 2. ಮನೆಯಲ್ಲಿ ಒಬ್ಬರೇ ನುಡಿಸಿದರೆ ಇದು ಬಹಳ ಚೆನ್ನಾಗಿ ಕೇಳುತ್ತದೆ, ಸಿ.ಡಿ.ಯಲ್ಲಿ ಕೇಳಿದ ಹಾಗೇ ಇದೆಯಲ್ಲ ಅನ್ನಿಸುತ್ತದೆ.

ಈಗ ಸೋಲೋಗೆ ಬನ್ನಿ. ಕೈ ಈಗ ಮೇಲಿನ ಫ್ರೆಟ್‌ಗಳಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ) ಹೋಗುತ್ತದೆ. ಜಿ ತಂತಿಯ 12ನೇ ಫ್ರೆಟ್ 392 ಹರ್ಟ್ಸ್, ಬಿ ತಂತಿಯ 12ನೆಯದು 494, ಸಣ್ಣ ಇ ತಂತಿಯ 12ನೆಯದು 659, ಅದೇ ತಂತಿಯ 22ನೇ ಫ್ರೆಟ್‌ಗೆ ಹೋದರೆ ಸುಮಾರು 1175. ಅಂದರೆ ಸೋಲೋದ ಮೂಲ ಸ್ವರಗಳು ಬಹುಪಾಲು 400ರಿಂದ 1200 ಹರ್ಟ್ಸ್ ಒಳಗೆ ಇರುತ್ತವೆ. ಮಿಡ್ ನಾಬನ್ನು 2ಕ್ಕೆ ಇಳಿಸಿದಾಗ ಗುಂಡಿ ಬೀಳುವುದು ಸರಿಯಾಗಿ ಇದೇ ಜಾಗದಲ್ಲಿ! ರಿಫ್‌ಗೆ ಅಷ್ಟಾಗಿ ಬೇಡವಾಗಿದ್ದ ಭಾಗವನ್ನು ತೆಗೆದು ಹಾಕಿದ್ದೀರಿ, ಈಗ ಸೋಲೋ ಬಂದು ನಿಲ್ಲಬೇಕಾದ ಜಾಗವೇ ಅದು. ಆಗ ಸೋಲೋ ಕೇಳಿಸುವುದಿಲ್ಲ. ಕೇಳಿಸುತ್ತಿಲ್ಲ ಅಂತ ಗೇನ್ ಏರಿಸುತ್ತಾರೆ, ಗುಂಡಿ ಹಾಗೇ ಇರುತ್ತದೆ, ಸುತ್ತಲಿನ ಗೊರಗೊರ ಸದ್ದು ಮಾತ್ರ ಜಾಸ್ತಿಯಾಗುತ್ತದೆ.

ಗೇನ್ ಏರಿಸಿದರೆ ಸದ್ದು ಏಕೆ ಜೋರಾಗುವುದಿಲ್ಲ ಅನ್ನುವುದು ಬಹಳ ಜನರಿಗೆ ಅರ್ಥವಾಗದ ವಿಷಯ. ಡಿಸ್ಟಾರ್ಷನ್ ಅಂದರೆ ಅಲೆಯ ತಲೆಯನ್ನು ಕತ್ತರಿಸುವುದು. ಒಂದು ಮಟ್ಟ ಮುಟ್ಟಿದ ಮೇಲೆ ಅಲೆ ಎಷ್ಟೇ ದೊಡ್ಡದಾದರೂ ಎತ್ತರ ಅಷ್ಟೇ. ರಿದಮ್ ಚಾನೆಲ್‌ನಲ್ಲಿ ಅಲೆ ಆಗಲೇ ಚಪ್ಪಟೆಯಾಗಿದೆ. ಅದಕ್ಕೆ ಇನ್ನೂ ಗೇನ್ ಕೊಟ್ಟರೆ ದೊಡ್ಡ ಸದ್ದು ಇದ್ದಲ್ಲೇ ಇದ್ದು, ಸಣ್ಣ ಸದ್ದುಗಳು ಮೇಲೆ ಬರುತ್ತವೆ. ಪಕ್ಕದ ತಂತಿಗೆ ಬೆರಳು ತಾಗಿದ್ದು, ಕೇಬಲ್ಲಿನ ಹಿಸ್, ಕರೆಂಟಿನ 50 ಹರ್ಟ್ಸ್ ಗುಂಯ್‌ ಸದ್ದು, ಎಲ್ಲ. ಪಿಕ್ ತಂತಿಗೆ ತಗುಲಿದಾಗ ಆಗುವ ಆ ಮೊದಲ ಪೆಟ್ಟು ಮಾತ್ರ ಮಿಕ್ಕ ಸದ್ದಿನೊಳಗೆ ಕರಗಿ ಹೋಗುತ್ತದೆ. ಸ್ವರ ಎಲ್ಲಿ ಶುರುವಾಯಿತು ಅಂತ ಕೇಳುಗರಿಗೆ ಗೊತ್ತಾಗುವುದು ಆ ಪೆಟ್ಟಿನಿಂದ. ವೇಗವಾಗಿ ನುಡಿಸಿದಾಗ ಹನ್ನೆರಡು ಸ್ವರ ಒಂದೇ ಉದ್ದನೆಯ ಸದ್ದಾಗಿ ಬಿಟ್ಟರೆ ಅಷ್ಟು ತಿಂಗಳ ಸಾಧನೆ ಯಾರಿಗೆ ಕೇಳಿಸಬೇಕು ಹೇಳಿ?

"ಗೇನ್ ಇಲ್ಲದೆ ಸಸ್ಟೇನ್ ಎಲ್ಲಿಂದ ಬರುತ್ತೆ ಸರ್?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ನುಡಿಸುವಾಗ ಸ್ವರ ಉಳಿಯಬೇಕಾದರೆ ಗೇನ್ ಬೇಕು, ನಿಜ. ವೇದಿಕೆಯಲ್ಲಿ ಆಂಪ್ ಜೋರಾಗಿದ್ದಾಗ ಸ್ಪೀಕರಿನ ಗಾಳಿಯೇ ತಂತಿಯನ್ನು ಮತ್ತೆ ಅಲ್ಲಾಡಿಸುತ್ತಿರುತ್ತದೆ, ಸ್ವರ ತಾನಾಗಿ ಉಳಿಯುತ್ತದೆ. ಆಗ ಮನೆಯ ಗೇನ್ ಇಟ್ಟುಕೊಂಡರೆ ಕೀ ಅಂತ ಕಿರುಚುವುದಷ್ಟೇ ಮಿಗುತ್ತದೆ. ಉಳಿದದ್ದು ಎಡಗೈ ಬೆರಳಿನ ಕೆಲಸ. ತಂತಿಯನ್ನು ಬೆಂಡ್ ಮಾಡಿ (ಬೆರಳಿನಿಂದ ಪಕ್ಕಕ್ಕೆ ಎಳೆದು) ಸ್ವರಕ್ಕೆ ಸರಿಯಾಗಿ ಮುಟ್ಟಿಸಿ, ಅಲ್ಲಿ ನಿಧಾನವಾಗಿ, ಅಗಲವಾಗಿ ವೈಬ್ರಾಟೊ ಕೊಟ್ಟರೆ, ಅಂದರೆ ಸ್ವರವನ್ನು ನಡುಗಿಸಿದರೆ, ಕಡಿಮೆ ಗೇನ್‌ನಲ್ಲೂ ಸ್ವರ ಹಾಡುತ್ತದೆ.

ಮಿಡ್ ಮಹತ್ವ ನಮ್ಮವರಿಗೆ ಹೊಸದಲ್ಲ. ಮದುವೆ ಮನೆಯಲ್ಲಿ ಡೋಲು, ತಾಳ, ನೂರು ಜನರ ಮಾತು ಎಲ್ಲದರ ನಡುವೆಯೂ ನಾದಸ್ವರ ಕೊನೆಯ ಸಾಲಿನ ಕುರ್ಚಿಗೂ ಕೇಳಿಸುತ್ತದಲ್ಲ, ಗಟ್ಟಿಯಾಗಿರುವುದು ಒಂದು ಕಾರಣವಾದರೆ ಅದರ ಶಕ್ತಿಯೆಲ್ಲ ನಡುವಿನಲ್ಲೂ ಅದಕ್ಕಿಂತ ತುಸು ಮೇಲೂ ಇರುವುದು ಇನ್ನೊಂದು ಕಾರಣ. ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ತಗ್ಗನ್ನು ತುಂಬಿರುತ್ತವೆ, ಸಿಂಬಲ್‌ಗಳು ಮೇಲ್ಭಾಗವನ್ನು ತುಂಬಿರುತ್ತವೆ. ಸೋಲೋಗೆ ಖಾಲಿ ಇರುವುದು ನಡುಮನೆ ಮಾತ್ರ.

ಇದನ್ನು ಒಂದು ಪೆಡಲಿನ ಮೇಲೆ ತೋರಿಸುತ್ತೇನೆ, ಏಕೆಂದರೆ ಇದು ನಮ್ಮ ಊರಿನ ಎಷ್ಟೋ ಹುಡುಗರ ಬ್ಯಾಗಿನಲ್ಲಿ ಇದೆ. ಬಾಸ್ ಕಂಪನಿಯ ಮೆಟಲ್ ಝೋನ್, 1991ರಿಂದ ಬರುತ್ತಿರುವುದು. ಇದನ್ನು ಬೈಯುವವರೇ ಜಾಸ್ತಿ. ನನ್ನ ಪ್ರಕಾರ ಬೈಗುಳಕ್ಕೆ ಕಾರಣ ಪೆಡಲ್ ಅಲ್ಲ, ಅದರ ಎರಡು ನಾಬ್ ಸರಿಯಾಗಿ ಬಳಸದಿರುವುದು. ಇದರಲ್ಲಿ ಒಂದರ ಮೇಲೊಂದು ಕೂತಿರುವ ಜೋಡಿ ನಾಬ್‌ಗಳಿವೆ. ಮಿಡ್ ಜೋಡಿಯಲ್ಲಿ ಒಂದು ಎಷ್ಟು ಏರಿಸಬೇಕು ಇಳಿಸಬೇಕು ಅನ್ನುವುದಕ್ಕೆ, ಎರಡೂ ಕಡೆ 15 ಡೆಸಿಬೆಲ್ ತನಕ ಹೋಗುತ್ತದೆ. ಇನ್ನೊಂದು ಯಾವ ಜಾಗದಲ್ಲಿ ಅನ್ನುವುದಕ್ಕೆ, 200 ಹರ್ಟ್ಸ್‌ನಿಂದ 5000ದ ತನಕ. ಬಹಳ ಜನ ಮಿಡ್ ಪೂರ್ತಿ ಎಡಕ್ಕೆ ತಿರುಗಿಸಿ, ಡಿಸ್ಟ್ (ಇದರ ಗೇನ್ ನಾಬ್) ಪೂರ್ತಿ ಬಲಕ್ಕೆ ತಿರುಗಿಸಿ, ಜಾಗದ ನಾಬ್ ಮುಟ್ಟುವುದೇ ಇಲ್ಲ. ಹೀಗೆ ಮಾಡಿ ನೋಡಿ: ಡಿಸ್ಟ್ ಅನ್ನು ಗಡಿಯಾರದ ಒಂಬತ್ತು ಗಂಟೆ ಜಾಗಕ್ಕೆ ತನ್ನಿ. ಮಿಡ್ ಅನ್ನು ಒಂದು ಗಂಟೆಗೆ, ಅಂದರೆ ನಡುವಿನಿಂದ ಸ್ವಲ್ಪ ಬಲಕ್ಕೆ. ಈಗ ಬಿ ತಂತಿಯ 15ನೇ ಫ್ರೆಟ್‌ನಲ್ಲಿ ಒಂದು ಸ್ವರ ಹಿಡಿದು, ಗೆಳೆಯನ ಕೈಲಿ ಜಾಗದ ನಾಬನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ ಅಂತ ಹೇಳಿ. ಮೊದಲು ಸ್ವರ ಡಬ್ಬದೊಳಗಿನಿಂದ ಬಂದ ಹಾಗಿರುತ್ತದೆ. ಸ್ವಲ್ಪ ಮುಂದೆ ಹೋದರೆ ಮೂಗಿನಿಂದ ಹಾಡಿದ ಹಾಗೆ. ಒಂದು ಸಾವಿರ ಹರ್ಟ್ಸ್ ಆಸುಪಾಸಿಗೆ ಬಂದಾಗ ಸ್ವರ ತಟ್ಟನೆ ಆಂಪ್ ಬಿಟ್ಟು ಮುಂದೆ ಬಂದು ನಿಲ್ಲುತ್ತದೆ. ಇನ್ನೂ ತಿರುಗಿಸಿದರೆ ಕಿವಿ ಚುಚ್ಚುತ್ತದೆ. ಆ ಮುಂದೆ ಬಂದು ನಿಂತ ಜಾಗವೇ ಬೇಕಾದದ್ದು. ಪ್ರತಿ ಗಿಟಾರಿಗೂ ಸ್ವಲ್ಪ ಆಚೀಚೆ ಆಗುತ್ತದೆ, ಕಿವಿಯಲ್ಲೇ ಹುಡುಕಬೇಕು.

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಸೋಲೋಗಳಲ್ಲಿ ಅಷ್ಟೊಂದು ವಾ ಪೆಡಲ್ ಬಳಸುವುದು ಬರೀ ಚಮತ್ಕಾರಕ್ಕೆ ಅಂತ ತಿಳಿದವರಿದ್ದಾರೆ. ವಾ ಪೆಡಲ್ ಮಾಡುವ ಕೆಲಸವೂ ಇದೇ, ಮಿಡ್‌ನಲ್ಲಿ ಒಂದು ಉಬ್ಬನ್ನು ಕಾಲಿನಿಂದ ಆಚೀಚೆ ಸರಿಸುವುದು. ಜರ್ಮನಿಯ ಮೈಕೆಲ್ ಶೆಂಕರ್ ಅಂತೂ ವಾ ಪೆಡಲನ್ನು ಅರ್ಧಕ್ಕೆ ಒತ್ತಿ ಅಲ್ಲೇ ನಿಲ್ಲಿಸಿ ಸೋಲೋ ನುಡಿಸುವುದಕ್ಕೆ ಹೆಸರಾದವರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನಮ್ಮ ಅರಮನೆ ಮೈದಾನಕ್ಕೆ ಬಂದಿತ್ತಲ್ಲ, ಅಂದು ಅಲ್ಲಿದ್ದ ಎಷ್ಟೋ ಹುಡುಗರು ಆಮೇಲೆ ಗಿಟಾರ್ ಕೊಂಡರು. ಅವರು ನೋಡಿಕೊಂಡು ಬಂದ ಪೆಡಲಿನ ಒಳಗುಟ್ಟು ಇದು.

ಇನ್ನು ವಾಲ್ಯೂಮ್ ವಿಷಯ. ಇಲ್ಲಿಯೇ ಎಲ್ಲರೂ ಎಡವುವುದು, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಸೋಲೋ ಬಂದಾಗ ಸದ್ದು ಏರಬೇಕು ಅಂತ ಬೂಸ್ಟ್ ಪೆಡಲ್ ಇಟ್ಟುಕೊಳ್ಳುತ್ತಾರೆ, ಸರಿ. ಅದನ್ನು ಡಿಸ್ಟಾರ್ಷನ್‌ಗಿಂತ ಮುಂಚೆ ಇಟ್ಟರೆ ಅಲೆ ಇನ್ನಷ್ಟು ಚಪ್ಪಟೆಯಾಗುತ್ತದೆಯೇ ಹೊರತು ಸದ್ದು ಏರುವುದಿಲ್ಲ, ಮೇಲೆ ಹೇಳಿದ ಕಾರಣಕ್ಕೆ. ಡಿಸ್ಟಾರ್ಷನ್ ಆದ ಮೇಲೆ ಇಡಬೇಕು. ಆಂಪ್‌ನದೇ ಡಿಸ್ಟಾರ್ಷನ್ ಬಳಸುವವರು ಹಿಂದುಗಡೆ ಇರುವ ಎಫೆಕ್ಟ್ಸ್ ಲೂಪ್‌ನಲ್ಲಿ (ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸುವ ಜಾಗದಲ್ಲಿ) ಹಾಕಬೇಕು. ಆಂಪ್‌ನಲ್ಲಿ ಲೂಪ್ ಇಲ್ಲವಾದರೆ ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಚಾನೆಲ್‌ಗೆ ಡಿಸ್ಟಾರ್ಷನ್ ಪೆಡಲ್ ಹಾಕಿ, ಅದರ ನಂತರ ಬೂಸ್ಟ್ ಇಡಿ. 3ರಿಂದ 4 ಡೆಸಿಬೆಲ್ ಸಾಕು. ಮಿಡ್ ಸರಿಯಿದ್ದರೆ ಅಷ್ಟರಲ್ಲೇ ಸೋಲೋ ಮೇಲೆ ಬರುತ್ತದೆ. 10 ಡೆಸಿಬೆಲ್ ಏರಿಸಿದರೆ ಕಿವಿಗೆ ಎರಡು ಪಟ್ಟು ಜೋರು ಅನ್ನಿಸುತ್ತದೆ, ಮಿಕ್ಸರ್ ಹತ್ತಿರ ಕೂತವರು ತಕ್ಷಣ ನಿಮ್ಮನ್ನು ಇಳಿಸಿಬಿಡುತ್ತಾರೆ, ಆಮೇಲೆ ರಿಫ್ ಬಂದಾಗ ನೀವು ಎಲ್ಲಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಆಂಪ್‌ನ ಮಾಸ್ಟರ್ ಮೊದಲೇ ತುತ್ತತುದಿಯಲ್ಲಿದ್ದರೆ ಬೂಸ್ಟ್‌ಗೆ ಏರಲು ಜಾಗವೇ ಇರುವುದಿಲ್ಲ. ರಿದಮ್‌ನಲ್ಲಿರುವಾಗಲೇ ಸ್ವಲ್ಪ ಉಳಿಸಿಕೊಂಡಿರಬೇಕು.

ಹಾಗಾದರೆ ಎಲ್ಲರೂ ಡಿಸ್ಟಾರ್ಷನ್‌ಗಿಂತ ಮುಂಚೆ ಇಡುವ ಟ್ಯೂಬ್ ಸ್ಕ್ರೀಮರ್ ಪೆಡಲ್ ಸುಮ್ನೆ ಇಡುತ್ತಾರಾ? ಇಲ್ಲ, ಅದರ ಕೆಲಸ ಬೇರೆ. ಐಬನೇಜ್‌ನ ಆ ಹಸಿರು ಪೆಡಲ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಬೇಸನ್ನು ತೆಳುವಾಗಿಸಿ ನಡುವನ್ನು ಉಬ್ಬಿಸಿ ಕಳಿಸುತ್ತದೆ. ಡ್ರೈವ್ ಸೊನ್ನೆಯ ಹತ್ತಿರ, ಲೆವೆಲ್ ಮೇಲೆ, ಟೋನ್ ನಡುವೆ. ಹೀಗಿಟ್ಟರೆ ಆಂಪ್‌ನ ಡಿಸ್ಟಾರ್ಷನ್‌ಗೆ ಮಣ್ಣು ಮಣ್ಣಾದ ಬೇಸ್ ಹೋಗುವುದಿಲ್ಲ, ರಿಫ್ ಬಿಗಿಯಾಗುತ್ತದೆ, ಸೋಲೋಗೆ ಮೂಗು ಬರುತ್ತದೆ. ಇದನ್ನು ಹಾಕಿಕೊಂಡಾಗ ಆಂಪ್‌ನ ಗೇನ್ ಒಂದೆರಡು ಅಂಕಿ ಇಳಿಸುವುದನ್ನು ಮಾತ್ರ ಮರೆಯಬೇಡಿ. ಅದರೊಳಗಿರುವ 4558 ಚಿಪ್ ಸಾಮಾನ್ಯ ಆಡಿಯೊ ಚಿಪ್. ಬೆಸುಗೆ ಹಾಕಲು ಬರುವವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ತಾವೇ ಕಟ್ಟಿಕೊಳ್ಳುತ್ತಾರೆ. ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ದಾರಿ ಅಂತಲೇ ನಾನು ಹೇಳುವುದು.

ಏನೂ ಪೆಡಲ್ ಇಲ್ಲದವರಿಗೂ ದಾರಿ ಇದೆ. ಗಿಟಾರಿನ ಮೇಲೇ ವಾಲ್ಯೂಮ್ ನಾಬ್ ಇದೆಯಲ್ಲ. ರಿದಮ್‌ಗೆ 7ರಲ್ಲಿ ಇಟ್ಟುಕೊಂಡು ಸೋಲೋಗೆ 10 ಮಾಡಿ. ಪೂರ್ತಿ ಚಪ್ಪಟೆಯಾಗದ ಗೇನ್ ಇದ್ದರೆ ಸದ್ದು ನಿಜವಾಗಿ ಏರುತ್ತದೆ. 12ನೇ ಫ್ರೆಟ್‌ನಿಂದ ಮೇಲೆ ನುಡಿಸುವಾಗ, ತಂತಿಯ ಸದ್ದು ಹಿಡಿಯುವ ಪಿಕಪ್‌ಗಳಲ್ಲಿ ಕತ್ತಿನ ಬಳಿಯದಾದ ನೆಕ್ ಪಿಕಪ್‌ಗೆ ಬದಲಿಸಿ, ಟೋನ್ ನಾಬ್ 6ಕ್ಕೆ ಇಳಿಸಿ ನೋಡಿ, ಚೂಪು ಹೋಗಿ ದುಂಡಗೆ ಬರುತ್ತದೆ. ಬ್ರಿಡ್ಜ್ ಪಿಕಪ್ ಕಚ್ಚುತ್ತದೆ, ನೆಕ್ ಪಿಕಪ್ ಹಾಡುತ್ತದೆ. ಹಾಡಿಗೆ ಯಾವುದು ಬೇಕೋ ಅದು.

ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್ ಬಳಸುವವರಿಗೆ ಹೇಳುವುದು ಇಷ್ಟು. ಲೀಡ್ ಅಂತ ಹೆಸರಿಟ್ಟ ಸಿದ್ಧ ಸೆಟ್ಟಿಂಗ್, ಅಂದರೆ ಪ್ಯಾಚ್‌ಗಳನ್ನು ಇಳಿಸಿಕೊಳ್ಳುವ ಬದಲು ನಿಮ್ಮದೇ ರಿದಮ್ ಪ್ಯಾಚ್ ಕಾಪಿ ಮಾಡಿ ಅದನ್ನು ತಿದ್ದಿ. ಆಗ ರಿಫ್‌ನಿಂದ ಸೋಲೋಗೆ ಹೋದಾಗ ಬೇರೆ ಯಾರೋ ಬಂದು ನುಡಿಸಿದ ಹಾಗಿರುವುದಿಲ್ಲ, ಅದೇ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದ ಹಾಗಿರುತ್ತದೆ. ಗೇನ್ ಇಳಿಸಿ. ತಗ್ಗಿನ ಸದ್ದು ಕತ್ತರಿಸುವ ಲೋ ಕಟ್ ರಿದಮ್‌ನಲ್ಲಿ 80 ಇದ್ದರೆ ಲೀಡ್‌ನಲ್ಲಿ 130, 150ರ ತನಕ ತನ್ನಿ, ಸೋಲೋಗೆ ಅದರ ಕೆಳಗೆ ಏನೂ ಬೇಕಿಲ್ಲ. ಮೇಲಿನ ಸದ್ದು ಕತ್ತರಿಸುವ ಹೈ ಕಟ್ 6000, 7000 ಹರ್ಟ್ಸ್ ಹತ್ತಿರ ಇಟ್ಟರೆ ನೊಣ ಗುಂಯ್‌ಗುಟ್ಟುವ ಸದ್ದು ಹೋಗುತ್ತದೆ. ನಿಜವಾದ 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5000 ದಾಟಿದ ಮೇಲೆ ತಾನಾಗಿಯೇ ಬಿದ್ದು ಹೋಗುತ್ತದೆ, ಹಾಗಾಗಿ ಏನೂ ಕಳೆದುಕೊಂಡ ಹಾಗಾಗುವುದಿಲ್ಲ. ಸಣ್ಣ ಸದ್ದುಗಳನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಸಡಿಲಿಸುವುದನ್ನು ಬಹಳ ಜನ ಮರೆಯುತ್ತಾರೆ. ರಿಫ್‌ಗೆ ಅಂತ ಬಿಗಿಯಾಗಿಟ್ಟ ಗೇಟ್ ಸೋಲೋದ ಕೊನೆಯ ಉದ್ದನೆಯ ಸ್ವರವನ್ನು ಕುತ್ತಿಗೆ ಹಿಸುಕಿದ ಹಾಗೆ ಕತ್ತರಿಸುತ್ತದೆ.

ಸ್ವರವನ್ನು ಪ್ರತಿಧ್ವನಿಯ ಹಾಗೆ ಮರುಕಳಿಸುವ ಡಿಲೇ ಬೇಕೇ ಬೇಕು ಅಂತಿಲ್ಲ, ಇದ್ದರೆ ಚೆನ್ನ. ಡಿಸ್ಟಾರ್ಷನ್ ಆದ ಮೇಲೆ ಇಡಿ, ಹಾಡಿನ ವೇಗಕ್ಕೆ ಕೂರಿಸಿ. ಲೆಕ್ಕ ಸುಲಭ: 60,000ವನ್ನು ಬಿ.ಪಿ.ಎಂ.ನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವುದರಿಂದ) ಭಾಗಿಸಿ. 140ರ ಹಾಡಿಗೆ ಸುಮಾರು 429 ಮಿಲಿಸೆಕೆಂಡ್. ಎರಡು ಮೂರು ಸಲ ಮರುನುಡಿ, ಮಿಕ್ಸ್ ಶೇಕಡಾ ಇಪ್ಪತ್ತರ ಹತ್ತಿರ. ರಿವರ್ಬ್ ಜಾಸ್ತಿ ಸುರಿಯಬೇಡಿ, ಸಭಾಂಗಣದ್ದೇ ಬೇಕಾದಷ್ಟು ಇರುತ್ತದೆ.

ಮನೆಯಲ್ಲಿ ಅಷ್ಟು ಚೆನ್ನಾಗಿದ್ದದ್ದು ವೇದಿಕೆಯಲ್ಲಿ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಇನ್ನೂ ಎರಡು ಕಾರಣ ಇವೆ. ನಮ್ಮ ಕಿವಿ ಸಣ್ಣ ಸದ್ದಿನಲ್ಲಿ ಬೇಸ್ ಮತ್ತು ಟ್ರೆಬಲನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮನೆಯವರಿಗೆ ತೊಂದರೆಯಾಗಬಾರದು ಅಂತ ಮೆಲ್ಲಗೆ ಇಟ್ಟು ಹೊಂದಿಸಿದ ಬೇಸ್, ಟ್ರೆಬಲ್ ಎರಡೂ ವೇದಿಕೆಯ ಸದ್ದಿನಲ್ಲಿ ಉಬ್ಬಿಕೊಳ್ಳುತ್ತವೆ. ಎರಡನೆಯದು, ಆಂಪ್ ನೆಲದ ಮೇಲಿದ್ದು ಮೊಣಕಾಲಿಗೆ ನುಡಿಯುತ್ತಿರುತ್ತದೆ. ನಿಂತವರ ಕಿವಿಗೆ ಟ್ರೆಬಲ್ ತಲುಪುವುದಿಲ್ಲ, ಅವರು ಏರಿಸುತ್ತಾರೆ, ಮುಂದಿನ ಸಾಲಿನಲ್ಲಿ ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆಂಪ್ ಕೆಳಗೆ ಒಂದು ಇಟ್ಟಿಗೆ ಕೊಟ್ಟು ಮುಖ ಮೇಲೆ ಮಾಡಿದರೆ ಇದು ಹೋಗುತ್ತದೆ. ಮನೆಯಲ್ಲಿ ಹೊಂದಿಸುವಾಗಲೂ ಒಬ್ಬರೇ ನುಡಿಸುತ್ತಾ ಹೊಂದಿಸಬೇಡಿ. ಫೋನಿನಲ್ಲಿ ಡ್ರಮ್ ಮತ್ತು ಬೇಸ್ ಹಾಕಿಕೊಂಡು ಅದರ ಮೇಲೆ ಹೊಂದಿಸಿ. ಒಂಟಿಯಾಗಿ ಕೇಳಿದಾಗ ಸ್ವಲ್ಪ ಒರಟು, ಸ್ವಲ್ಪ ಮೂಗು ಅನ್ನಿಸುವ ಸೌಂಡೇ ಬ್ಯಾಂಡ್ ನಡುವೆ ಸರಿಯಾಗಿ ಕೂರುವುದು.

ಇದು ಒಬ್ಬರ ಕೆಲಸವಲ್ಲ ಅನ್ನುವುದನ್ನೂ ಹೇಳಲೇಬೇಕು. ಸೋಲೋ ಶುರುವಾದಾಗ ಇನ್ನೊಬ್ಬ ಗಿಟಾರಿಸ್ಟ್ ಅದೇ ಮೇಲಿನ ಫ್ರೆಟ್‌ಗಳಿಗೆ ಏರಿ ಕಾರ್ಡ್ ಹೊಡೆಯುತ್ತಿದ್ದರೆ ಯಾವ ಮಿಡ್ ತಾನೇ ಏನು ಮಾಡೀತು? ಅವರು ಕೆಳಗೆ ಇಳಿಯಬೇಕು, ಅಂಗೈ ಒತ್ತಿ ರಿಫ್ ಹಿಡಿದುಕೊಳ್ಳಬೇಕು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನುಡಿಸಿದ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನಲ್ಲಿ ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್ ಅಂತ ಮೂರು ಗಿಟಾರಿಸ್ಟ್‌ಗಳು. ಮೂವರೂ ಸೋಲೋ ನುಡಿಸುವವರೇ. ಅವರ ಯಾವುದಾದರೂ ಲೈವ್ ರೆಕಾರ್ಡಿಂಗ್ ಹಾಕಿಕೊಂಡು ಒಬ್ಬರು ಮುಂದೆ ಬಂದಾಗ ಉಳಿದಿಬ್ಬರು ಏನು ಮಾಡುತ್ತಾರೆ ಅಂತಷ್ಟೇ ಕೇಳಿ. ನಮ್ಮ ಊರಿನ ಕ್ರಿಪ್ಟೋಸ್ 1998ರಿಂದ ನುಡಿಸುತ್ತಿದೆ, ಅವರದೂ ಎರಡು ಗಿಟಾರಿನ ಬ್ಯಾಂಡ್. ಕಲಿಯಲು ವಿದೇಶದ ಕಡೆಗೇ ನೋಡಬೇಕಾಗಿಲ್ಲ.

ಕೊನೆಗೆ ಕಾಲೇಜು ಹಬ್ಬಗಳನ್ನು ನಡೆಸುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ. ಸೌಂಡ್ ಚೆಕ್ ಅಂತ ಕೊಡುವ ಐದೋ ಹತ್ತೋ ನಿಮಿಷದಲ್ಲಿ ರಿಫ್ ಮಾತ್ರ ನುಡಿಸಲು ಬಿಡುತ್ತಾರೆ, "ಗಿಟಾರ್ ಓಕೆ, ನೆಕ್ಸ್ಟ್" ಅಂದುಬಿಡುತ್ತಾರೆ. ಸೋಲೋ ಸೌಂಡ್ ಹೇಗಿದೆ ಅಂತ ಮಿಕ್ಸರ್‌ನಲ್ಲಿ ಕೂತವರಿಗೆ ಮೊದಲ ಸಲ ಗೊತ್ತಾಗುವುದು ಹಾಡಿನ ಮಧ್ಯದಲ್ಲಿ, ಅವರು ಫೇಡರ್ ಹುಡುಕುವಷ್ಟರಲ್ಲಿ ಸೋಲೋ ಮುಗಿದಿರುತ್ತದೆ. ಪ್ರತಿ ಬ್ಯಾಂಡಿಗೂ ಎರಡು ಸಾಲು ಸೋಲೋ ನುಡಿಸಲು ಬಿಡಿ, ಅರ್ಧ ನಿಮಿಷ ಸಾಕು. ಯಾವ ಹಾಡಿನಲ್ಲಿ, ಯಾವ ಕಡೆಯ ಗಿಟಾರಿಸ್ಟ್ ಸೋಲೋ ನುಡಿಸುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆಸಿ ಮಿಕ್ಸರ್ ಪಕ್ಕ ಅಂಟಿಸಿ. ಬ್ಯಾಂಡಿನವರೂ ಅಷ್ಟೇ, ಸೌಂಡ್ ಚೆಕ್‌ನಲ್ಲಿ ಕೇಳಿ ಪಡೆದುಕೊಳ್ಳಿ, ಸಂಕೋಚ ಬೇಡ.

ಮುಂದಿನ ಸಲ ಪುರವಣಿಯಲ್ಲಿ ಬ್ಯಾಂಡುಗಳ ಬಗ್ಗೆ ಬರೆಸುವಾಗ ಅವರ ಮುಂದೆ ಕೂತು ಸದ್ದು ಹೊಂದಿಸುವ ಸೌಂಡ್ ಎಂಜಿನಿಯರ್‌ಗಳನ್ನೂ ಮಾತಾಡಿಸಿ ಅಂತ ಕೇಳಿಕೊಳ್ಳುತ್ತೇನೆ. ಈ ವಿಷಯದಲ್ಲಿ ನಮಗೆ ಹೇಳುವುದು ಅವರ ಹತ್ತಿರ ಬಹಳ ಇದೆ.

ಇಂತಿ,
ಒಬ್ಬ ಗಿಟಾರ್ ಶಿಕ್ಷಕ
ಬಸವನಗುಡಿ, ಬೆಂಗಳೂರು